ನಾನು ಬಿಚ್ಚಿಸಿದ ಬಾಯಿಕುಕ್ಕೆ

ಪಶುಪಾಲನೆ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾ, "ಸರ್, ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ನಗೆಯ ಕಥೆ. ನನ್ನ ಹತ್ತಿರ ಅದಕ್ಕೇನೂ ಬರವಿಲ್ಲ. ಒಮ್ಮೆ ದನಗಳ ಗಂಟಲು ಬಾಯುವ ಗಳಲೆ ರೋಗಕ್ಕೆ ಲಸಿಕೆ ಹಾಕುವಾಗ ಹೋರಿ ಗಕ್ಕನೆ ತಿರುಗಿ, ಸೂಜಿ ನನ್ನ ತೊಡೆಗೇ ಇಳಿದಿತ್ತು. "ಸಾಹೇಬ್ರ, ಈ ವರ್ಷ ನಿಮಗಂತೂ ಗಳಲಿ ಬರೂದಿಲ್ಲ ಬಿಡ್ರಿ" ಎಂದು ಊರವರು ತಿಂಗಳುಗಟ್ಟಲೆ ಕಾಡಿದರು. ಇಂಥದ್ದನ್ನು ಹೇಳಿ, ನಗಿಸಿ ಕಳಿಸಿಬಿಡುತ್ತಿದ್ದೆ.

ಹೇಳಬೇಕಾಗಿದ್ದ ಕಥೆ ಬೇರೆ. ಯಂಕಪ್ಪ ಎಂಬ, ದನದ ಹಿಂಡು ಹೊಡೆದುಕೊಂಡು ಹೋಗುವ ಮನುಷ್ಯನ ಹೆಸರನ್ನು ನಾನು ಕೈಯಾರೆ ಕೆಡಿಸಿದೆ. ಕೆಡಿಸಿದ್ದು ಒಂದು ಸುಳ್ಳು ವರದಿಯಿಂದ. ಅವನ ಹೆಸರು ತೊಳೆಯುವುದಕ್ಕಷ್ಟೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ವಿಷಯ ಬೇಕಾದವರು ನನ್ನ ಸೇವಾ ಪುಸ್ತಕ ನೋಡಿಕೊಳ್ಳಲಿ.

ನನ್ನ ಮೊದಲ ಕೆಲಸ ತಳಕಲ್ಲಿನಿಂದ ಆಚೆ, ಗಡಿಯ ಒಂದು ಊರಲ್ಲಿ. ಜಾನುವಾರು ಪರಿವೀಕ್ಷಕ ಎಂಬುದು ಹುದ್ದೆ, ಜನರ ಬಾಯಲ್ಲಿ ದನದ ಡಾಕ್ಟರ್. ಊರ ಹೆಸರು ಬರೆಯುವುದಿಲ್ಲ. ಅಲ್ಲೀಗ ನಿವೇಶನ ಮಾರುವವರ ಕಾಟ ಜೋರಾಗಿದೆ, ನನ್ನ ಮೇಲೆ ಎಗರಿ ಬಂದಾರು. ನಿಜಾಮನ ಕಾಲದಲ್ಲಿ ಊರ ಪಡುವಣದ ಹಳ್ಳವೇ ಗಡಿಯಾಗಿತ್ತು. ಹಳ್ಳದಾಚೆ ಮುಂಬಯಿ ಸರ್ಕಾರ, ಈಚೆ ಹೈದರಾಬಾದು. ರೋಣ, ಗದಗಿನ ಕಡೆಯ ದನದ ಹಿಂಡುಗಳು ಆ ಊರ ನಾಕಾದಲ್ಲಿ, ಎಂದರೆ ಗಡಿಠಾಣೆಯಲ್ಲಿ, ಪರವಾನಗಿ ಕಾಗದ ತೋರಿಸಿ, ಕೊಪ್ಪಳ ದಾಟಿ, ಗಂಗಾವತಿಯ ಕಡೆ ಇಳಿಯುತ್ತಿದ್ದವು. ನಿಜಾಮ ಹೋದ, ನಾಕಾ ಹೋಯಿತು, ಹಿಂಡುಗಳು ಮಾತ್ರ ಬರುತ್ತಲೇ ಇದ್ದವು. ಕಾಲುವೆ ಬಂದ ಮೇಲಂತೂ ಶ್ರೀರಾಮನಗರದ ಕಡೆಯ ಭತ್ತದ ಗದ್ದೆಗಳಿಗೆ ಎತ್ತು ಬೇಕಾಗಿ ಇನ್ನೂ ಹೆಚ್ಚಿದವು. ನಾನು ಸೇರಿದ್ದು ಎಂಬತ್ತರ ದಶಕದಲ್ಲಿ. ಆಗಲೂ ಸುಗ್ಗಿ ಮುಗಿದದ್ದೇ ತಡ, ವಾರಕ್ಕೊಂದು ಹಿಂಡು ಊರ ನಡುಬೀದಿಯಲ್ಲಿ ಹಾಯುತ್ತಿತ್ತು. ಅಂಗಡಿಯವರು ಹೊರಗಿಟ್ಟ ಸರಕನ್ನು ಒಳಗೆಳೆದುಕೊಂಡು, ಧೂಳು ಅಡಗುವವರೆಗೆ ಬಾಗಿಲು ಮರೆಮಾಡಿಕೊಳ್ಳುತ್ತಿದ್ದರು.

ನಾಕಾದ ಪಕ್ಕಕ್ಕೆ ಕೊಂಡವಾಡವಿತ್ತು. ಕಾಗದ ಸರಿಯಿಲ್ಲದ ದನಗಳನ್ನು ಕೂಡಿಹಾಕುವ ಕಲ್ಲುಗೋಡೆಯ ಆವರಣ ಅದು. ಅದಕ್ಕೆ ಹತ್ತಿಕೊಂಡ ಬಯಲಿಗೆ ಕೊಂಡವಾಡದ ಹೊಲ ಎನ್ನುತ್ತಿದ್ದರು. ಅಲ್ಲಿ ಯಾರೂ ಬಿತ್ತುತ್ತಿರಲಿಲ್ಲ, ಮೇಯಿಸುತ್ತಿರಲಿಲ್ಲ. ನನ್ನ ಅಜ್ಜ ಆ ನಾಕಾದಲ್ಲಿ ಸಿಪಾಯಿಯಾಗಿದ್ದವನು. ನಮ್ಮದು ದಖನಿ ಉರ್ದು ಮಾತಾಡುವ ಮನೆ, ಆದರೆ ಅಜ್ಜ ಆ ಹೊಲದ ಕಥೆಯನ್ನು ಮಾತ್ರ ಕನ್ನಡದಲ್ಲೇ ಹೇಳುತ್ತಿದ್ದ. ಯಾಕೆಂದು ನಾನೂ ಕೇಳಲಿಲ್ಲ.

ಒಂದು ಹಿಂಡಿನ ಕಾಗದದ ಮೇಲೆ ಮೊಹರು ಬಿದ್ದಿರಲಿಲ್ಲವಂತೆ. ಮೊಹರು ಹಾಕುವ ಅಧಿಕಾರಿ ರಾಯಚೂರಿಗೆ ಹೋಗಿದ್ದ. ಅವನು ಬರುವವರೆಗೆ ಹಿಂಡನ್ನು ಕೊಂಡವಾಡದಲ್ಲಿ ನಿಲ್ಲಿಸಿದರು. ಹನ್ನೊಂದು ದಿನ ಕಾಯಿಸಿದರು. ಹನ್ನೆರಡನೆಯ ದಿನ ಮೊಹರು ಬಂತು, ಆದರೆ ಗಡಿ ದಾಟುವುದಕ್ಕೆ ಒಂದು ದನವೂ ಉಳಿದಿರಲಿಲ್ಲ. ಎಲ್ಲವೂ ಮೂಗಿನಲ್ಲಿ ಕರಿ ರಕ್ತ ಇಳಿಸಿ ಸತ್ತಿದ್ದವು. ಪಕ್ಕದ ಹೊಲದಲ್ಲೇ ಹೂತರು. "ಕಾಗದಾ ಆಮ್ಯಾಲ ಬಂತು. ಹಂಗಾಗಿ ಅವು ಇನ್ನಾ ಹೋಗಿಲ್ಲ" ಎಂದು ಅಜ್ಜ ಕಥೆ ಮುಗಿಸುತ್ತಿದ್ದ. ಮಧ್ಯಾಹ್ನದ ಹೊತ್ತು ಎಲ್ಲಾದರೂ ದನ ಕೂಗಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದ. ನಾನು ಸಾಲಿ ಕಲಿತವನು, ಒಳಗೊಳಗೇ ನಗುತ್ತಿದ್ದೆ.

ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲೇ ಯಂಕಪ್ಪನ ಪರಿಚಯವಾಯಿತು. ಹಳ್ಳದಾಚೆಯ ಹಳ್ಳಿಯವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದಾನು. ಅವನೂರಿನ ಮನೆಗಳವರು ಮಾರಬೇಕಾದ ದನಗಳನ್ನು ಅವನ ಕೈಗೆ ಒಪ್ಪಿಸುತ್ತಿದ್ದರು. ಅವನು ಗಂಗಾವತಿಯವರೆಗೆ ನಡೆಸಿಕೊಂಡು ಹೋಗುವನು. ಬರವಣಿಗೆಯಿಲ್ಲ, ಸಾಕ್ಷಿಯಿಲ್ಲ. "ಯಂಕಪ್ಪ ಹೊಡ್ಕೊಂಡು ಹೋಗ್ಯಾನ" ಎಂದರೆ ಮುಗಿಯಿತು. ಆ ಒಂದು ಮಾತೇ ಅವನ ಆಸ್ತಿ.

ಅವನ ಹಿಂಡು ಕೊಂಡವಾಡದ ಹೊಲ ದಾಟುವುದನ್ನು ನೋಡಬೇಕೆಂದು ನಾನೇ ಒಂದು ದಿನ ಹೋದೆ. ಹೊಲ ಇನ್ನೂ ಒಂದು ಫರ್ಲಾಂಗು ದೂರವಿರುವಾಗ ಅವನು ಹಿಂಡು ನಿಲ್ಲಿಸಿದ. ಪ್ರತಿ ದನದ ಬಾಯಿಗೂ ಹಗ್ಗದಲ್ಲಿ ಹೆಣೆದ ಕುಕ್ಕೆ ಕಟ್ಟಿದ. ಕೊರಳ ಗಂಟೆಗಳೊಳಗೆ ಹುಲ್ಲು ತುರುಕಿದ. ಆಮೇಲೆ ಬಾರುಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಒಂದೂ ಮಾತಿಲ್ಲದೆ ಹೊರಟ. ಹೊಲದ ಅಂಚಿಗೆ ಬಂದಾಗ ಮಾತ್ರ, ಯಾರೂ ಇಲ್ಲದ ಬಯಲಿನ ಕಡೆ ತಿರುಗಿ, "ನಮ್ಮ ಕಾಗದಾ ಐತ್ರಿ. ನಾವು ಹೊಂಟೇವಿ" ಎಂದ. ಮನೆಗೆ ಬಂದ ಹಿರಿಯರ ಜತೆ ಆಡುವ ಮಾತಿನ ಧಾಟಿ ಅದು.

ಮುಂದೆ ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ. ನೆತ್ತಿಯ ಮೇಲೆ ಬಿಸಿಲು, ಹೊಲದಲ್ಲಿ ಒಂದು ಗಿಡವಿಲ್ಲ, ಗುಂಡಿಯಿಲ್ಲ. ಒತ್ತೊತ್ತಾಗಿ ಬರುತ್ತಿದ್ದ ಹಿಂಡು ನಡುಹೊಲದಲ್ಲಿ ಎರಡಾಗಿ ಸೀಳಿತು. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಸರಿದು, ಒಂದು ಮನೆಯಷ್ಟು ಜಾಗ ಬಿಟ್ಟು ಸುತ್ತಿಕೊಂಡು ಹೋಗಿ, ಆಚೆ ಮತ್ತೆ ಒಂದಾಯಿತು. ಹಿಂದಿನ ದನ ಮುಂದಿನದನ್ನು ಅನುಸರಿಸಿತು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಯಂಕಪ್ಪ ಹಿಂದೆ ತಿರುಗಿಯೂ ನೋಡಲಿಲ್ಲ.

ಆಗ ನಮ್ಮ ಮೇಲಿದ್ದವರು ಒಬ್ಬ ದೊಡ್ಡ ಡಾಕ್ಟರು. ಸಿಡುಕಿನ ಮನುಷ್ಯ, ಆದರೆ ವಿದ್ಯೆಯನ್ನು ಧಾರೆಯೆರೆದು ಕೊಟ್ಟರು. ಗಾಜಿನ ಸಿರಿಂಜನ್ನು ಸ್ಟೋವಿನ ಮೇಲೆ ಕುದಿಸುವುದು, ಬಾಗಿದ ಸೂಜಿಯನ್ನು ಕಲ್ಲಿಗೆ ಉಜ್ಜುವುದು, ಕೊಪ್ಪಳದಿಂದ ಬಸ್ಸಿನ ಮೇಲೆ ಕಟ್ಟಿಗೆಹೊಟ್ಟಿನಲ್ಲಿ ಬರುತ್ತಿದ್ದ ಬರ್ಫದಲ್ಲಿ ಲಸಿಕೆ ಕಾಪಾಡುವುದು ಎಲ್ಲ ಅವರಿಂದಲೇ ಕಲಿತೆ. ಅವರು ಪದೇ ಪದೇ ಹೇಳುತ್ತಿದ್ದದ್ದು ಒಂದು ಮಾತು: "ಸತ್ತ ದನದ ಮೂಗು ನೋಡದ ಚಾಕು ಹಿಡೀಬ್ಯಾಡ. ಕರಿ ರಕ್ತ ಹೆಪ್ಪುಗಟ್ಟದ ಇಳೀತಿದ್ರ ಅದು ನೆರಡಿ ರೋಗ. ಕೊಯ್ದ್ಯೋ, ಆ ಮಣ್ಣು ನಿನ್ನ ಮೊಮ್ಮಕ್ಕಳ ಕಾಲಕ್ಕೂ ದನಾ ಕೊಲ್ತೈತಿ." ನೆರಡಿಯ, ಅಂದರೆ ಆಂಥ್ರಾಕ್ಸಿನ, ವಿಷಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಮಲಗಿದ್ದು, ಮಳೆ ಬಿದ್ದು ಹುಲ್ಲು ಚಿಗುರಿದಾಗ ಮೇಯುವ ದನದ ಬಾಯಿಗೆ ಸೇರುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಅಜ್ಜನ ಕಥೆಯ ಕರಿ ರಕ್ತಕ್ಕೂ ಈ ಪಾಠಕ್ಕೂ ಸಂಬಂಧವಿದೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಓದಿದ್ದನ್ನು ಒಂದು ಕೋಣೆಯಲ್ಲಿ, ಕೇಳಿದ್ದನ್ನು ಇನ್ನೊಂದು ಕೋಣೆಯಲ್ಲಿ ಇಟ್ಟು, ನಡುವಿನ ಬಾಗಿಲಿಗೆ ಬೀಗ ಹಾಕಿಕೊಂಡ ಜಾಣ ನಾನು.

ಮೂರನೆಯ ವರ್ಷ, ಮುಂಗಾರಿನ ಮೊದಲ ಮಳೆಯಾದ ವಾರ, ಮೇಲಿನಿಂದ ಆದೇಶ ಬಂತು. ಊರು ಹಾಯುವ ಪ್ರತಿ ಹಿಂಡಿಗೂ ಗಳಲೆಯ ಲಸಿಕೆ ಹಾಕಿ, ಮೂರು ದಿನ ಅಲ್ಲೇ ನಿಲ್ಲಿಸಿ ನೋಡಿ, ಸರ್ಟಿಫಿಕೇಟು ಕೊಟ್ಟು ಬಿಡಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದು ನನಗೆ ಬಿಟ್ಟದ್ದು. ದೊಡ್ಡ ಡಾಕ್ಟರು ರಜೆಯ ಮೇಲಿದ್ದರು. ಮೊದಲು ಬಂದದ್ದು ಯಂಕಪ್ಪನ ಹಿಂಡು. ಅವನೂರಿನ ಐದು ಮನೆಗಳ ದನ, ಒಟ್ಟು ಇಪ್ಪತ್ತಾರು. ನಾನು ಕೊಂಡವಾಡದ ಹೊಲ ತೋರಿಸಿದೆ.

"ಸಾಹೇಬ್ರ, ಎಲ್ಲಿ ಬೇಕಾದಲ್ಲಿ ನಿಂದ್ರಸ್ರಿ, ಇಲ್ಲಿ ಬ್ಯಾಡ್ರಿ" ಎಂದ ಯಂಕಪ್ಪ.

"ಹುಲ್ಲೈತಿ, ಕಟ್ಟಾಕ ಕಲ್ಲಿನ ಗ್ವಾಡಿ ಐತಿ. ಮತ್ತೇನ್ ಬೇಕೋ ನಿನಗ?"

"ನಿಂದ್ರಸ್ತೀನ್ರಿ ಹಂಗಾರ. ಬಾಯಿ ಮಾತ್ರ ಬಿಚ್ಚಾಂಗಿಲ್ರಿ. ಹೊರಗಿಂದ ಮೇವು ತರ್ತೀನಿ, ಕೈಯಾಗ ತಿನಸ್ತೀನಿ."

"ಇಪ್ಪತ್ತಾರು ದನಕ್ಕ ಮೂರು ದಿನ ಕೈತುತ್ತು ಕೊಡ್ತೀಯೇನು? ಹುಚ್ಚಪ್ಪ! ಬಿಚ್ಚು. ಇಲ್ಲಾಂದ್ರ ಸರ್ಟಿಫಿಕೇಟು ಇಲ್ಲ, ಮುಂದಕ್ಕ ಹೋಗೂದೂ ಇಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಒಂದೊಂದೇ ಕುಕ್ಕೆ ಬಿಚ್ಚತೊಡಗಿದ. ಪ್ರತಿ ದನದ ಕಿವಿಯಲ್ಲಿ ಏನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ಅಜ್ಜ ಒಂದು ಮೊಹರಿಗಾಗಿ ಹಿಂಡನ್ನು ತಡೆದು ಕಾದಿದ್ದ, ಮೊಮ್ಮಗ ಒಂದು ಸರ್ಟಿಫಿಕೇಟಿಗಾಗಿ ಅದೇ ಜಾಗದಲ್ಲಿ ನಿಲ್ಲಿಸಿದೆ. ಆಗ ಅದು ಕಾಣಲಿಲ್ಲ, ನಿಯಮ ಪಾಲಿಸಿದ ಹೆಮ್ಮೆ ಮಾತ್ರ ಇತ್ತು.

ದನಗಳು ಮೊದಲು ಮೂಸಿ ಹಿಂದೆ ಸರಿದವು, ಹಸಿವು ತಡೆಯದೆ ಮೇಯ್ದವು. ಚಿಗುರಿದ ಗಿಡ್ಡ ಹುಲ್ಲು, ಎಳೆದರೆ ಬೇರಿಗೆ ಮಣ್ಣೂ ಬರುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ನಾನು ಜ್ವರ ನೋಡಲು ಹೋದಾಗ, ಅವು ಮೇಯುವುದನ್ನು ಬಿಟ್ಟು ಕೊಂಡವಾಡದ ಗೋಡೆಯ ಮುಂದೆ ಸಾಲಾಗಿ ನಿಂತಿದ್ದವು. ಯಾರೂ ಕಟ್ಟಿರಲಿಲ್ಲ. ಎಲ್ಲದರ ಮುಖವೂ ಒಂದೇ ಕಡೆ, ಹಳೇ ನಾಕಾದ ಕಡೆ. ಒಂದು ದನಕ್ಕೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಒಂದು ದನ ಹಿಡಿಯುವಷ್ಟು ಜಾಗ ಖಾಲಿ. ಬಾಲ ಕೂಡ ಆಡುತ್ತಿರಲಿಲ್ಲ. ನಾನು ಥರ್ಮಾಮೀಟರು ಹಿಡಿದು ಆ ಖಾಲಿ ಜಾಗದೊಳಗೆ ನುಗ್ಗಬೇಕಿತ್ತು. ಹೆಜ್ಜೆ ಎತ್ತಿದರೆ ಎರಡೂ ಕಡೆಯಿಂದ ಬಿಸಿಯುಸಿರು ತಾಗಿದಂತಾಯಿತು. ದನಗಳ ಮುಖವೋ ಎಲ್ಲ ನಾಕಾದ ಕಡೆಗೇ ಇದ್ದವು. ಹಿಂದಕ್ಕೆ ಬಂದು, ಜ್ವರ ಯಾವುದಕ್ಕೂ ಇಲ್ಲ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

"ಎಣಸಬ್ಯಾಡ್ರಿ ಈಗ" ಎಂದ ಯಂಕಪ್ಪ, ಮೆಲ್ಲಗೆ. ನಾನು ಎಣಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸರ್ಟಿಫಿಕೇಟು ಕಿಸೆಯಲ್ಲಿಟ್ಟುಕೊಂಡು ಹೋದರೆ ಮೂರು ದನ ಸತ್ತು ಬಿದ್ದಿದ್ದವು. ಸಂಜೆಯೊಳಗೆ ಏಳಾದವು. ಮೂಗಿನಿಂದ ಕರಿ ರಕ್ತ, ಹೆಪ್ಪುಗಟ್ಟದೆ ಇಳಿಯುತ್ತಿತ್ತು. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಕಿವಿಯ ರಕ್ತದ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಸವರಿ ತೆಗೆದುಕೊಂಡೆ. ಅದನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರೆ ಎಲ್ಲ ತಿಳಿಯುತ್ತಿತ್ತು: ರೋಗ ಯಾವುದು, ಹೊಲ ಯಾವುದು, ಬಾಯಿ ಬಿಚ್ಚಿಸಿದವನು ಯಾರು. ದವಾಖಾನೆಗೆ ಬಂದು ಆ ಗಾಜನ್ನು ಬಟ್ಟೆಯಲ್ಲಿ ಸುತ್ತಿ, ಕಾಲಡಿ ಹಾಕಿ ಪುಡಿ ಮಾಡಿ, ಒಲೆಗೆ ಹಾಕಿದೆ. ಕೆಲಸ ಹೋಗುತ್ತದೆ ಎಂಬ ಭಯ ಅದು. ಬೇರೆ ಹೆಸರಿಟ್ಟು ಕರೆಯುವುದಿಲ್ಲ.

ಹೂಳುವುದನ್ನು ಮಾತ್ರ ಕ್ರಮದಂತೆ ಮಾಡಿಸಿದೆ. ಅದೇ ಹೊಲದಲ್ಲಿ ಆಳವಾದ ಗುಂಡಿ, ಮೇಲೆ ಕೆಳಗೆ ಸುಣ್ಣ, ಕೊಯ್ಯಲು ಯಾರಿಗೂ ಬಿಡಲಿಲ್ಲ. ಉಳಿದ ದನಗಳಿಗೆ ಸೂಜಿ ಹಾಕಿ ಬೇರೆ ಕಡೆ ಹೊಡೆಸಿದೆ, ಅವು ಬದುಕಿದವು. ಹೆಣ ಎಳೆದು ಹಾಕಿದವನು ಯಂಕಪ್ಪ. ವಾರದೊಳಗೆ ಅವನ ಮುಂಗೈಯಲ್ಲಿ ಒಂದು ಹುಣ್ಣಾಯಿತು. ನಡುವೆ ಕರಿ ಹಕ್ಕಳೆ, ನೋವಿಲ್ಲ. ಅದೂ ನೆರಡಿಯೇ ಎಂದು ನನಗೆ ಗೊತ್ತಾಯಿತು. ದಿನಾ ಕರೆದು ಪೆನ್ಸಿಲಿನ್ ಚುಚ್ಚಿದೆ.

"ಇದೇನ್ ಸೂಜಿರಿ ಸಾಹೇಬ್ರ?"

"ಧನುರ್ವಾಯು ಆಗದಂಗ."

"ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದ.

ವರದಿಯಲ್ಲಿ ಹೀಗೆ ಬರೆದೆ: ದನಗಳು ದಾರಿಯಲ್ಲಿ ವಿಷದ ಸೊಪ್ಪು ತಿಂದು ಸತ್ತಿವೆ, ಇದಕ್ಕೆ ಹಿಂಡು ಹೊಡೆಯುವವನ ನಿರ್ಲಕ್ಷ್ಯ ಕಾರಣ, ಕೊಂಡವಾಡದ ಹೊಲದಲ್ಲಿ ದೋಷವೇನೂ ಕಂಡುಬಂದಿಲ್ಲ. ದೊಡ್ಡ ಡಾಕ್ಟರು ರಜೆಯಿಂದ ಬಂದು ಅದನ್ನು ಓದಿದರು. "ರಕ್ತ ತಗೊಂಡಿದ್ದಿ?" ಎಂದರು. "ಗಾಜು ಒಡೀತ್ರಿ ಸರ್" ಎಂದೆ. ನನ್ನ ಸಹಿಯ ಪಕ್ಕಕ್ಕೆ ತಮ್ಮ ಸಹಿಯನ್ನೂ ಹಾಕಿದರು. ಅಂದಿನಿಂದ ನನಗೆ ಒಂದು ಪಾಠವನ್ನೂ ಹೇಳಿಕೊಡಲಿಲ್ಲ.

ಯಂಕಪ್ಪನ ಊರಿಗೆ ವರದಿಯ ಸುದ್ದಿ ಹೋಗಲು ಎಷ್ಟು ಹೊತ್ತು ಬೇಕು? ಕುಕ್ಕೆ ಬಿಚ್ಚಿಸಿದವರು ಸಾಹೇಬರೇ ಎಂದು ಅವನು ಹೇಳಿದ್ದಾನೆ, ಯಾರೂ ನಂಬಿಲ್ಲ. ಸರ್ಕಾರದ ಕಾಗದ ಬೇರೆ ಹೇಳುತ್ತಿತ್ತಲ್ಲ. "ಯಂಕಪ್ಪನ ಕೈಗೆ ದನಾ ಕೊಡಬ್ಯಾಡ್ರಿ" ಎಂಬುದೇ ಊರ ಮಾತಾಯಿತು. ಮುಂದಿನ ಬೇಸಿಗೆ ಅವನು ಕಲ್ಲುಕ್ವಾರಿಗೆ ಹೋಗತೊಡಗಿದ. ಕಟ್ಟೆಯ ಮೇಲೆ ಕೂತರೆ ಜನ ಸರಿದು ಕೂರುತ್ತಿದ್ದರಂತೆ.

ನನಗೆ ಕುಷ್ಟಗಿಗೆ, ಆಮೇಲೆ ಸಾಣಾಪುರದ ಕಡೆಗೆ ವರ್ಗವಾಯಿತು. ಟ್ರ್ಯಾಕ್ಟರು ಬಂದು ಎತ್ತುಗಳ ಕೆಲಸ ಹೋಯಿತು, ಲಾರಿ ಬಂದು ದನ ನಡೆಯುವುದೇ ನಿಂತಿತು. ಕುದಿಸುವ ಸಿರಿಂಜು ಹೋಗಿ ಬಳಸಿ ಎಸೆಯುವುದು ಬಂತು. ಈಗ ದನದ ಕಿವಿಗೆ ಹಳದಿ ಬಿಲ್ಲೆ, ಫೋನಿನಲ್ಲಿ ಅದರ ಜಾತಕ. ಒಮ್ಮೆ ಗಂಗಾವತಿಯ ಸಂತೆಯಲ್ಲಿ ಒಬ್ಬ ಲಾರಿ ಚಾಲಕ ತಾನಾಗಿಯೇ ಹೇಳಿದ: "ತಳಕಲ್ ದಾಟಿದ ಮ್ಯಾಲೆ ಒಂದು ಊರು ಬರ್ತೈತ್ರಿ. ಅಲ್ಲೊಂದು ಬಯಲಿನ ಬಾಜೂಕ ಹಾಯುಮುಂದ ಹಿಂದಿನ ದನಾ ಎಲ್ಲಾ ಒಮ್ಮೆಲೆ ಒದರ್ತಾವ. ಬ್ರೇಕ್ ಹಾಕಿ ನೋಡೇನ್ರಿ, ಏನೂ ಇರಂಗಿಲ್ಲ." ನಾನು ಮಾತು ತಿರುಗಿಸಿದೆ. ಹತ್ತು ವರ್ಷ ಆ ಊರಿನ ದಾರಿಯನ್ನೇ ಬಿಟ್ಟು, ಸುತ್ತು ಹಾಕಿ ಬಸ್ಸು ಹತ್ತಿದವನು ನಾನು.

ಕಳೆದ ಮಳೆಗಾಲದ ಶುರುವಿಗೆ ಆ ಊರಿನ ದವಾಖಾನೆಯಿಂದ ಫೋನು ಬಂತು. ಅಲ್ಲೀಗ ಸ್ಮಿತಾ ಎಂಬ ಚುರುಕಾದ ಡಾಕ್ಟರಮ್ಮ ಇದ್ದಾರೆ. ನಿವೇಶನ ತುಂಬಿಸಲು ಕೊಂಡವಾಡದ ಹೊಲದ ಮಣ್ಣು ಎತ್ತುತ್ತಿದ್ದಾರಂತೆ. ಊರ ದನಗಳೆಲ್ಲ ಗುಂಡಿಯ ಸುತ್ತ ಸೇರಿ ಒದರುತ್ತಿವೆಯಂತೆ. "ಹಳಬ್ರು ನೀವೇ ಇದ್ದೀರಿ ಸರ್, ಒಮ್ಮೆ ಬಂದು ನೋಡ್ರಿ" ಎಂದರು.

ಹೋದಾಗ ಮಧ್ಯಾಹ್ನ. ಯಂತ್ರ ನಿಂತಿತ್ತು, ಚಾಲಕ ಇಳಿದು ದೂರ ಕೂತಿದ್ದ. ನಲವತ್ತು ಐವತ್ತು ದನ ಗುಂಡಿಯ ಅಂಚಿಗೆ ನಿಂತು, ಮುಸುಡಿ ನೆಲಕ್ಕಿಟ್ಟು, ಗಂಟಲಾಳದಿಂದ ಒಂದೇ ಸಮನೆ ಕೂಗುತ್ತಿದ್ದವು. ಕಾಯುವವರು ಹೊಡೆದರೂ ಕದಲಲಿಲ್ಲ. ಗುಂಡಿಯ ಗೋಡೆಯಲ್ಲಿ ಬಿಳಿಯ ಪದರವೊಂದು ಕಾಣುತ್ತಿತ್ತು. ನಾನೇ ಹಾಕಿಸಿದ ಸುಣ್ಣ. ಅದರ ಕೆಳಗೆ, ಯಾರೂ ಸುಣ್ಣ ಹಾಕದ ಇನ್ನೊಂದು ಪದರ, ಎಲುಬಿನದು. ದನಗಳ ಕೂಗು ಒಮ್ಮೆಲೇ ನಿಂತಿತು. ಆಗಲೂ ಕೂಗು ಕೇಳುತ್ತಲೇ ಇತ್ತು, ತುಸು ಹೊತ್ತು, ಕೆಳಗಿನಿಂದ. ಡಾಕ್ಟರಮ್ಮನ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿದ್ದರು. ಅದರ ಬಗ್ಗೆ ನಾವು ಇಂದಿಗೂ ಮಾತಾಡಿಲ್ಲ.

"ಈ ಮಣ್ಣು ಎತ್ತಬಾರದು, ಇದು ನೆರಡಿಯ ಹೊಲ" ಎಂದೆ.

ಮಣ್ಣಿನ ಗುತ್ತಿಗೆಯವನು ನಕ್ಕು, ಒಂದು ಕಾಗದದ ನಕಲು ಮುಂದೆ ಹಿಡಿದ. ಹಳೇ ಕಡತದಿಂದ ತೆಗೆಸಿದ್ದು. "ಹೊಲದಾಗ ದೋಷ ಇಲ್ಲಂತ ಇಲಾಖಿನೇ ಬರದೈತಲ್ರಿ. ಕೆಳಗ ಯಾರ ಸಹಿ ನೋಡ್ರಿ."

ನನ್ನ ಸಹಿ. ದುಂಡಗಿನ, ಹೆಮ್ಮೆಯ ಸಹಿ. ಅಲ್ಲೇ, ಆ ಜನರ ಮುಂದೆಯೇ, ಎಲ್ಲ ಹೇಳಿದೆ. ಡಾಕ್ಟರಮ್ಮ ಕಣ್ಣು ಮಿಟುಕಿಸದೆ ಕೇಳಿ, "ಬಾಯಿಮಾತು ನಡ್ಯೂದಿಲ್ಲ ಸರ್, ಬರ್ದು ಕೊಡ್ರಿ" ಎಂದರು. ದವಾಖಾನೆಯ ಬೆಂಚಿನ ಮೇಲೆ ಕೂತು ಎರಡು ಪ್ರತಿ ಬರೆದೆ. ಒಂದನ್ನು ಅವರಿಗೆ ಕೊಟ್ಟೆ. ಅಂದೇ ಅಗೆತ ನಿಂತಿತು, ಮಣ್ಣು ಪರೀಕ್ಷೆಗೆ ಹೋಯಿತು, ಬೇಲಿ ಬಂತು. ಪರೀಕ್ಷೆಯಲ್ಲಿ ನೆರಡಿಯೆಂದೇ ತಿಳಿಯಿತು.

ಇನ್ನೊಂದು ಪ್ರತಿ ಹಿಡಿದು ಹಳ್ಳದಾಚೆಗೆ ಹೋದೆ. ಯಂಕಪ್ಪ ಮಗಳ ಮನೆಯಲ್ಲಿದ್ದ. ಕಲ್ಲು ಒಡೆದು ಒಡೆದು ಬೆನ್ನು ಬಾಗಿದೆ, ಕಿವಿ ಚುರುಕಾಗಿದೆ. ನಾನು ಯಾರೆಂದು ಹೇಳಿ, ಕಾಗದವನ್ನು ಪೂರ್ತಿ ಓದಿದೆ. ಗಾಜು ಒಡೆದದ್ದನ್ನೂ, ಸೂಜಿಯ ಸುಳ್ಳನ್ನೂ ಬಿಡಲಿಲ್ಲ. ಕಾಲಿಗೆ ಬೀಳಲು ಬಗ್ಗಿದರೆ ಅವನು ಕಾಲು ಹಿಂದಕ್ಕೆಳೆದುಕೊಂಡ.

"ನನಗ ಯಾಕ ಓದ್ತೀರಿ? ನನಗೇನ್ ಗೊತ್ತಿಲ್ಲೇನು? ಆ ಐದು ಮನಿ ಮುಂದ ಓದ್ರಿ" ಎಂದು ಕೋಲು ಹಿಡಿದು ಎದ್ದ.

ಅವನು ಮುಂದೆ, ನಾನು ಹಿಂದೆ. ಮೊದಲ ಎರಡು ಮನೆಗೆ ಬೀಗ ಬಿದ್ದಿತ್ತು, ಆದರೂ ಬಾಗಿಲ ಮುಂದೆ ನಿಲ್ಲಿಸಿ ಓದಿಸಿದ. ಮೂರನೆಯದರಲ್ಲಿ ಸೊಸೆಗೆ ಯಾವ ದನ ಎಂಬುದೇ ಗೊತ್ತಿರಲಿಲ್ಲ. ನಾಲ್ಕನೆಯದರಲ್ಲಿ ಒಬ್ಬ ನಡುವಯಸ್ಸಿನವನು, "ಯಾವ ದನಾ ಸತ್ವೋ ನನಗ ನೆನಪಿಲ್ರಿ. ಈ ಮುದುಕನ ಕೈಗೆ ಏನೂ ಕೊಡಬ್ಯಾಡಂತ ಅಪ್ಪ ಹೇಳಿದ್ದ, ಅಷ್ಟ ಗೊತ್ತು" ಎಂದ. ಸತ್ತ ದನಗಳನ್ನು ಊರು ಮರೆತಿತ್ತು, ನಾನು ಹಚ್ಚಿದ ಮಸಿಯನ್ನು ಮಾತ್ರ ಮರೆತಿರಲಿಲ್ಲ.

ಐದನೆಯ ಮನೆ ಗಂಗವ್ವನದು. ಎರಡು ಎತ್ತು ಕಳೆದುಕೊಂಡವಳು. ತುಂಬಾ ವಯಸ್ಸಾಗಿದೆ, ಎಲ್ಲ ನೆನಪಿದೆ. ಹೊಸ್ತಿಲಲ್ಲಿ ಕೂತು ಕೊನೆಯವರೆಗೂ ಕೇಳಿದಳು. ಒಂದೆರಡು ಕಡೆ, "ಇನ್ನೊಮ್ಮೆ ಓದ್ರಿ" ಎಂದಳು. ಮುಗಿದ ಮೇಲೆ ಗೋಡೆ ಹಿಡಿದು ಎದ್ದು ನಿಂತು, ಯಂಕಪ್ಪನ ಕೈ ಹಿಡಿದಳು.

"ನನ್ನ ಕಟ್ಟಿ ಮ್ಯಾಲೆ ನಿನ್ನ ಕುಂದ್ರಗೊಡಲಿಲ್ಲಲ್ಲೋ ತಮ್ಮಾ ಇಷ್ಟು ವರ್ಷ. ಬಾ, ಒಳಗ ಬಾ. ಉಂಡು ಹೋಗು."

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ನಾನೂ ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕಾಲಿಡಲು ಹೋದೆ.

"ನೀವಲ್ರಿ, ಸಾಹೇಬ್ರ" ಎಂದಳು ಗಂಗವ್ವ, ಮರ್ಯಾದೆಯಿಂದಲೇ, ಮತ್ತು ಬಾಗಿಲು ಹಾಕಿಕೊಂಡಳು.